ಹುಣಸೆ ಬೀಜದಷ್ಟು ಸುಣ್ಣ

ಅನ್ನಪೂರ್ಣಾ ಹಿತ್ತಾಳೆ ಡಬ್ಬಿಯಿಂದ ಹುಣಸೆ ಬೀಜದಷ್ಟು ಸುಣ್ಣ ತೆಗೆದು ಹಾಲಿನ ಲೋಟಕ್ಕೆ ಹಾಕಿದಳು. ಚಮಚದ ಹಿಡಿಕೆಯಿಂದ ಸದ್ದಾಗದಂತೆ ಕದಡಿ, ಅತ್ತೆಯ ಹಾಸಿಗೆಯ ಪಕ್ಕ ಇಟ್ಟಳು. ದೇವಕ್ಕ ಹೊಟ್ಟೆ ಹಿಡಿದುಕೊಂಡೇ ಎದ್ದು ಗಟಗಟನೆ ಕುಡಿದಳು. ಉರಿಗೆ ಆ ಮನೆಯ ಮದ್ದು ಅದು. ದೇವಕ್ಕನಿಗೆ ಅವಳ ಅತ್ತೆ ಕಲಿಸಿದ್ದು. ಡಬ್ಬಿಯೂ ಆ ಅತ್ತೆಯದೇ.

ಅನ್ನಪೂರ್ಣಾ ಮದುವೆಯಾಗಿ ಸಂಪಗಾಂವಕ್ಕೆ ಬಂದ ಹೊಸದರಲ್ಲಿ ಜೋಳದ ಕಾಳಿನಷ್ಟು ಸಾಕಾಗುತ್ತಿತ್ತು. ಈಗ ದಿನಕ್ಕೆ ಐದು ಲೋಟ. ಬೈಲಹೊಂಗಲದ ಬಸ್ಸು ಹೊರಡುವಾಗ ಕುಡಿದರೆ ಉರಿ ಇಳಿಯುತ್ತಿತ್ತು. ಅದೇ ಬಸ್ಸು ತಿರುಗಿ ಬರುವಷ್ಟರಲ್ಲಿ ಮೊದಲಿಗಿಂತ ಜೋರಾಗಿ ಏಳುತ್ತಿತ್ತು. ಅನ್ನಪೂರ್ಣಾ ಅದನ್ನು ಕಂಡಿದ್ದಳು. ಆರನೇ ಇಯತ್ತೆಗೆ ಸಾಲಿ ಬಿಟ್ಟವಳ ಮಾತು ಯಾರಿಗೆ ಬೇಕೆಂದು ಸುಮ್ಮನಿದ್ದಳು.

ಅಂದು ದೇವಕ್ಕನಿಗೆ ಉರಿ ಬೆನ್ನಿನವರೆಗೂ ಹಬ್ಬಿ, ವಾಂತಿ ನಿಲ್ಲಲಿಲ್ಲ. ಮಗ ಸುಭಾಸ ಟೆಂಪೊ ಮಾಡಿ ಬೈಲಹೊಂಗಲದ ದವಾಖಾನೆಗೆ ತಂದ. ಸಂಜೆ ಡಾಕ್ಟರಮ್ಮ ರಕ್ತದ ವರದಿ ಹಿಡಿದು ಬಂದರು.

"ರಕ್ತದಾಗ ಕ್ಯಾಲ್ಸಿಯಂ ಭಾಳ ಏರೈತಿ. ಅಂದ್ರ ಸುಣ್ಣದಂಶ. ಹಿಂಗ ಏರಿದ್ರ ಜೀವಕ್ಕ ಕುತ್ತು. ಗುಳಿಗಿ ಏನರ ನುಂಗ್ತಾರೇನ್ರಿ?"

"ಏನಿಲ್ರಿ. ರೊಟ್ಟಿ, ಪಲ್ಲೆ, ಅಷ್ಟ," ಎಂದ ಸುಭಾಸ.

"ಗುಳಿಗಿ ನುಂಗಾಕ ನಾ ಏನ್ ಪ್ಯಾಟಿ ಮಂದಿಯೇನ?" ದೇವಕ್ಕ ನರಳುತ್ತಲೇ ಗೊಣಗಿದಳು.

ಬಾಗಿಲಲ್ಲಿ ನಿಂತಿದ್ದ ಅನ್ನಪೂರ್ಣಾ ಸೆರಗಿನ ಗಂಟು ಹಿಡಿದುಕೊಂಡಳು. ಹೇಳಿದರೆ ಕೊಟ್ಟದ್ದು ತನ್ನ ಕೈಯೇ ಎಂದು ಬಯಲಾಗುತ್ತದೆ. ಹೇಳದಿದ್ದರೆ ಅತ್ತೆ ಉಳಿಯುವುದಿಲ್ಲ.

"ಸುಣ್ಣಾರಿ... ಹಾಲಾಗ. ನಾನ ಕೊಡತೇನ್ರಿ."

"ಅಯ್ಯ, ಇಕಿ ಮಾತಾಡತಾಳ ಅಂತ ಇವತ್ತ ಗೊತ್ತಾತ ನೋಡ್ರಿ!" ಎಂದಳು ದೇವಕ್ಕ.

ಡಾಕ್ಟರಮ್ಮ ನಗಲಿಲ್ಲ. ಎಷ್ಟು, ಎಂದಿನಿಂದ ಎಂದು ಕೇಳಿದರು. ಅನ್ನಪೂರ್ಣಾ ಜೋಳದ ಕಾಳಿನಿಂದ ಹುಣಸೆ ಬೀಜದವರೆಗೆ ಹೇಳಿದಳು. ಬಸ್ಸಿನ ಲೆಕ್ಕವನ್ನೂ ಹೇಳಿದಳು. ಅವರು ವರದಿಯ ಬೆನ್ನಿಗೆ ಒಂದು ಹೊಟ್ಟೆಯ ಚಿತ್ರ ಬರೆದರು.

"ನೀ ನೋಡಿದ್ದ ಖರೇ ಐತಿ ನೋಡವಾ. ಸುಣ್ಣ ಮೊದಲ ಉರಿ ತಣಸತೈತಿ. ಆಮ್ಯಾಲ ಹೊಟ್ಟಿ ಗ್ವಾಡಿಯಿಂದ ಒಂದ ಹಾರ್ಮೋನ್ ಎದ್ದು ರಕ್ತದಾಗ ಸೇರಿ, ಇನ್ನೂ ಆಮ್ಲ ಸುರಿ ಅಂತ ಹೇಳತೈತಿ. ಇಲ್ಲಿ, ಹೊಟ್ಟಿ ಹಿಂದ, ರೊಟ್ಟಿ ಕರಗಸೂ ಕಿಣ್ವ ಮಾಡೂ ಗ್ರಂಥಿ ಐತಿ. ಆ ಕಿಣ್ವ ಕರುಳಿಗೆ ಹೋಗಿ ಎಚ್ಚರ ಆಗಬೇಕು. ಕ್ಯಾಲ್ಸಿಯಂ ಅತಿಯಾದ್ರ ಅಲ್ಲೇ ಎಚ್ಚರಾಗಿ ಹುಟ್ಟಿದ ಮನಿನ, ಆ ಗ್ರಂಥಿನ, ತಿನ್ನಾಕ ಹತ್ತತೈತಿ."

ಮತ್ತೆ ಚಿತ್ರದ ಮೇಲ್ಗಡೆ ಕೊರಳು ಬರೆದು ಅದರಲ್ಲಿ ನಾಲ್ಕು ಚುಕ್ಕಿ ಇಟ್ಟರು. "ಇವೂ ಗ್ರಂಥಿನ, ತೊಗರಿ ಬ್ಯಾಳಿಯಷ್ಟ ಅದಾವು. ಕ್ಯಾಲ್ಸಿಯಂ ಎಷ್ಟ ಇರಬೇಕಂತ ಹಗಲೂ ರಾತ್ರಿ ಇವ ಕಾಯ್ತಾವು."

ಅನ್ನಪೂರ್ಣಾಳ ಕೈ ತಾನಾಗಿಯೇ ತನ್ನ ಕೊರಳಿಗೆ ಹೋಯಿತು. ಬೆರಳಿಗೆ ನಾಡಿ ಬಿಟ್ಟರೆ ಏನೂ ಸಿಗಲಿಲ್ಲ. ಅವಳು ರೊಟ್ಟಿ ಬಡಿಯುವಾಗ, ಮಲಗಿದಾಗ, ಅಳುವಾಗಲೂ ಅಲ್ಲಿ ಬೇಳೆ ಗಾತ್ರದವು ನಾಲ್ಕು ಕೂತು ಸದ್ದಿಲ್ಲದೆ ನೋಡುತ್ತಿದ್ದವು. ಮೈಯೊಳಗೆ ಇಷ್ಟೊಂದು ಹೇಳಿಕೆ ಕೇಳಿಕೆ ನಡೆದಿದ್ದರೂ ಮೇಲೆ ಚರ್ಮ ಎಷ್ಟು ಸುಮ್ಮನಿತ್ತು! ಅವಳಿಗೆ ಉಸಿರನ್ನೂ ಮೆಲ್ಲಗೆ ಆಡಬೇಕೆನಿಸಿತು.

"ಇನ್ನ ಸುಣ್ಣ ಮುಟ್ಟಬಾರದು. ಎಲಿ ಅಡಿಕಿಗೂ ಬ್ಯಾಡ. ಎರಡ ದಿನ ಬಾಯಿಗೆ ಏನೂ ಇಲ್ಲ," ಎಂದು ಡಾಕ್ಟರಮ್ಮ ಹೋದರು.

"ಇಷ್ಟ ದಿನ ಯಾಕ ಹೇಳಲಿಲ್ಲ?" ಸುಭಾಸ ಕೇಳಿದ.

"ಯಾರೂ ಕೇಳಲಿಲ್ಲರಿ."

ದೇವಕ್ಕ ಸೊಸೆಯ ಸೆರಗು ಹಿಡಿದಳು. ಸೆರಗಿನ ಗಂಟಿನಲ್ಲಿ ಹಿತ್ತಾಳೆ ಡಬ್ಬಿ ಇತ್ತು.

"ಅನ್ನಪೂರ್ಣಾ, ಉರಿ ತಡೀವಲ್ದವಾ. ಒಂದೀಟ ಸುಣ್ಣದ ಹಾಲು ಕೊಡ."

ಅನ್ನಪೂರ್ಣಾ ಸೆರಗಿನ ಗಂಟನ್ನು ಇನ್ನೊಮ್ಮೆ ಬಿಗಿದಳು. ಸಲೈನ್ ಬಾಟಲಿಯ ಕೆಳಗೆ ಒಂದು ಹನಿ ಮೂಡಿತು, ತೂಗಿತು, ಬಿತ್ತು.