ಲಿಡ್‌ಹೋಪ್ ಗೇಟಿನ ಬೀಗ

ಸಿಟ್ಟು ಬಂದರೆ ಬೆರಿಲ್ ಪ್ರೋಸರ್ ಕೂಗಾಡುವವಳಲ್ಲ, ನೆಲ ಒರೆಸುವವಳು. ಆ ಬುಧವಾರ ಬೆಳಿಗ್ಗೆ ಅಡುಗೆಮನೆಯ ನೆಲವನ್ನು ಮೂರನೇ ಸಲ ಒರೆಸಿ ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ಮೈಲ್ಸ್ ಹ್ಯಾಲಿವೆಲ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕೇಕಿನ ಡಬ್ಬಿ. ಡಬ್ಬಿಯ ಮೇಲೆ ಬಂಗಾರದ ಅಕ್ಷರದಲ್ಲಿ ‘ಲಿಡ್‌ಹೋಪ್ ವಂಡರ್ ವುಡ್ಸ್: ಇಡೀ ದಿನದ ಮಜಾ, ಇಡೀ ಮನೆಮಂದಿಗೆ’ ಎಂದಿತ್ತು.

“ಒಳಗೆ ಬರಬಹುದಾ ಬೆರಿಲ್?”

“ನೆಲ ಒದ್ದೆಯಿದೆ. ಬೂಟ್ಸು ಬಿಚ್ಚಿ ಬಾ.”

ಸಾವಿರದೈನೂರು ಎಕರೆಯ ಧಣಿ ಬೂಟು ಬಿಚ್ಚಿ, ಬರೀ ಕಾಲುಚೀಲದಲ್ಲಿ ಬಂದು ಕೂತ. ನಾಲ್ಕು ವರ್ಷದವನಿದ್ದಾಗಲೂ ಹೀಗೇ ಬಂದು, ಅವಳ ಕೈಯಿಂದ ಬ್ರೆಡ್ ಪುಡಿಂಗ್ ಇಸಿದುಕೊಂಡು ತಿಂದು ಹೋಗುತ್ತಿದ್ದ. ಆಗ ಒಳ್ಳೆಯ ಮಗು. ಈಗಲೂ ಕೆಟ್ಟವನೇನಲ್ಲ, ತನ್ನದು ಅಂದಿದ್ದೆಲ್ಲ ತನಗೇ ಬೇಕು ಅಷ್ಟೆ.

ವಿಷಯ ಇಷ್ಟು. ಲಿಡ್‌ಹೋಪ್ ಎಸ್ಟೇಟಿನ ಹೆಬ್ಬಾಗಿಲ ಪಕ್ಕದ ಪುಟ್ಟ ಕಲ್ಲುಮನೆಯಲ್ಲಿ ಬೆರಿಲ್ ಮೂವತ್ತೊಂದು ವರ್ಷದಿಂದ ಇದ್ದಾಳೆ. ಗೇಟು ಕಾಯುವುದು ಅವಳ ಕೆಲಸವಾಗಿತ್ತು. ಆ ಗೇಟಿನಿಂದ ಒಂದು ಕಾಲುದಾರಿ ಕಾಡಿನ ಕಣಿವೆಗೆ ಇಳಿದು, ಸ್ಪೌಟ್ ಅನ್ನುವ ಜಲಪಾತದ ಮಗ್ಗುಲಲ್ಲೇ ಹಾದು, ಆಚೆ ಬದಿಯ ಆಲ್ಡರ್‌ಕೋಟ್ ಹಳ್ಳಿ ಸೇರುತ್ತದೆ. ಹಳ್ಳಿಯವರಿಗೆ ರಜೆಯೆಂದರೆ ಸ್ಪೌಟ್. ಫ್ಲಾಸ್ಕಿನಲ್ಲಿ ಟೀ, ಕಾಗದದಲ್ಲಿ ಸುತ್ತಿದ ಮೊಟ್ಟೆ ಸ್ಯಾಂಡ್‌ವಿಚ್, ನಾಯಿ, ಅಜ್ಜಿ, ಎಲ್ಲರೂ ಅಲ್ಲಿ. ಇಡೀ ಶ್ರಾಪ್‌ಶೈರ್ ಜಿಲ್ಲೆಯಲ್ಲಿ ಅದಕ್ಕಿಂತ ಚೆಂದದ ಜಾಗ ಇಲ್ಲವೆಂದು ಅವರು ಯಾರ ಹತ್ತಿರ ಬೇಕಾದರೂ ಜಗಳಕ್ಕೆ ನಿಲ್ಲುತ್ತಿದ್ದರು.

ಹಳೆಯ ಧಣಿ ಸತ್ತು ಎಸ್ಟೇಟು ಮಗ ಮೈಲ್ಸನ ಕೈಗೆ ಬಂದದ್ದೇ ತಡ, ಕಣಿವೆಯ ಸುತ್ತ ಬೇಲಿ ಬಿತ್ತು. ಮರದಿಂದ ಮರಕ್ಕೆ ಹಗ್ಗದ ಸೇತುವೆ, ಅಲ್ಪಾಕಾ ಅನ್ನುವ ಉದ್ದ ಕತ್ತಿನ ಉಣ್ಣೆಯ ಪ್ರಾಣಿಗಳನ್ನು ಹಿಡಿದುಕೊಂಡು ಅಡ್ಡಾಡುವ ಆಟ, ಮರದ ಬುಡಕ್ಕೆಲ್ಲ ಕಿನ್ನರಿಯರ ಪುಟ್ಟ ಬಾಗಿಲು, ಮತ್ತೆ ಗೇಟಿನಲ್ಲಿ ಹದಿನಾರೂವರೆ ಪೌಂಡಿನ ಟಿಕೆಟ್ಟು. ಅಲ್ಲ, ಕಿನ್ನರಿಗೂ ಒಂದು ಬಾಗಿಲು ಇಟ್ಟ ಮನುಷ್ಯ ಆಲ್ಡರ್‌ಕೋಟಿನವರಿಗೆ ಮಾತ್ರ ಇದ್ದ ಬಾಗಿಲನ್ನೂ ಮುಚ್ಚಿಬಿಟ್ಟನಲ್ಲ!

ಹಳ್ಳಿಯವರು ಸುಮ್ಮನೆ ಕೂರಲಿಲ್ಲ. ಯಾರ ಅಪ್ಪಣೆಯನ್ನೂ ಕೇಳದೆ, ಯಾರ ತಡೆಯೂ ಇಲ್ಲದೆ ಜನ ಇಪ್ಪತ್ತು ವರ್ಷ ಒಂದೇ ಸಮನೆ ನಡೆದರೆ ಆ ದಾರಿ ಜನರದ್ದೇ ಆಗುತ್ತದೆಂದು ಅಲ್ಲಿನ ಕಾನೂನು. ಅದನ್ನು ಹಿಡಿದು ಅರ್ಜಿ ಹಾಕಿದರು. ವಿಚಾರಣೆ ಮಾರನೇ ದಿನ, ಹಳ್ಳಿಯ ಸಭಾಂಗಣದಲ್ಲಿ.

ಆದರೆ ಹಳೆಯ ಧಣಿಗೂ ಕಾನೂನು ಗೊತ್ತಿತ್ತು. ಸರ್ಕಾರದ ಕಾಗದಪತ್ರ ನಂಬದ, ಬೀಗ ನಂಬುವ ಆಸಾಮಿ. ವರ್ಷಕ್ಕೊಂದು ದಿನ, ಫೆಬ್ರವರಿಯ ಮೊದಲ ಮಂಗಳವಾರ, ಬೆಳಗಿನಿಂದ ಸಂಜೆವರೆಗೆ ಗೇಟಿಗೆ ಬೀಗ ಹಾಕಬೇಕೆಂದು ಬೆರಿಲ್‌ಗೆ ಹೇಳಿದ್ದ. ಒಂದು ದಿನ ತಡೆದರೆ ಸಾಕು, ಇಪ್ಪತ್ತು ವರ್ಷದ ಲೆಕ್ಕ ಮುರಿದುಬೀಳುತ್ತದೆ. ಹಾಕಿದೆನೆಂದು ಅವಳು ಎಸ್ಟೇಟಿನ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಪುಸ್ತಕದಲ್ಲಿ ಇಪ್ಪತ್ನಾಲ್ಕು ವರ್ಷ ಅವಳದೇ ದುಂಡು ಅಕ್ಷರ: ‘ಇಂದು ಬೀಗ ಹಾಕಲಾಯಿತು. ಬಿ. ಪ್ರೋಸರ್.’

“ಬರೀ ಎರಡು ಮಾತು ಬೆರಿಲ್,” ಎಂದ ಮೈಲ್ಸ್. “ನಾಳೆ ಲಾಯರು ಪುಸ್ತಕ ತೋರಿಸ್ತಾರೆ. ಹೌದು, ಬೀಗ ಹಾಕ್ತಿದ್ದೆ ಅಂದುಬಿಡಿ. ಮುಗೀತು. ಆಮೇಲೆ ಈ ಮನೇಲಿ ನೀವು ಇರೋವರೆಗೂ ಇರಬಹುದು. ಬರೆದು ಕೊಡ್ತೀನಿ.”

“ಅನ್ನದಿದ್ರೆ?”

“ಅನ್ನದೇ ಇರೋದು ಯಾಕೆ? ನಿಮ್ಮ ಕೈಯಕ್ಷರ ತಾನೇ?” ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, “ಇಲ್ಲಿ ಐಸ್‌ಕ್ರೀಮ್ ಅಂಗಡಿ ಮಾಡೋಣ ಅಂತ ನಮ್ಮವರು ಹೇಳ್ತಾನೇ ಇದಾರೆ. ನಾನೇ ತಡೆದಿರೋದು,” ಎಂದ.

“ಕೇಳಿದ್ದಕ್ಕೆ ಉತ್ತರ ಹೇಳ್ತೀನಿ ಮೈಲ್ಸ್. ಕೇಕು ತಗೊಂಡು ಹೋಗು, ನನಗೆ ಶುಗರ್ ಇದೆ.”

ಅವನು ಅದನ್ನೇ ಹೌದೆಂದು ತಿಳಿದು ಹೋದ. ಬೆರಿಲ್ ಕುರ್ಚಿಯಲ್ಲಿ ಕುಸಿದು ಕೂತಳು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಗಂಡ ಡೆನಿಸ್ ಸತ್ತದ್ದು ಇದೇ ಮನೆಯ ಮೇಲಿನ ಕೋಣೆಯಲ್ಲಿ. ಹಿತ್ತಲಲ್ಲಿ ಅವನು ನೆಟ್ಟ ನೆಲ್ಲಿಯಂಥ ಹುಳಿಹಣ್ಣಿನ ಗಿಡಗಳು ಈಗಲೂ ಕಾಯಿ ಬಿಡುತ್ತವೆ. ಎಪ್ಪತ್ತೆರಡನೇ ವಯಸ್ಸಿನಲ್ಲಿ ಇದನ್ನು ಬಿಟ್ಟು ಎಲ್ಲಿಗೆ ಹೋಗುವುದು? ಅಕ್ಕ ಐವಿಯ ಮನೆ ಆಲ್ಡರ್‌ಕೋಟಿನಲ್ಲಿದೆ ನಿಜ, ಆದರೆ ಐವಿಯ ಬಾಯಿಯ ಜೊತೆ ಒಂದು ವಾರಕ್ಕಿಂತ ಹೆಚ್ಚು ಬಾಳಿದವರು ಯಾರೂ ಇರಲಿಲ್ಲ.

ತೊಂದರೆ ಏನೆಂದರೆ, ಆ ಪುಸ್ತಕದಲ್ಲಿ ಬರೆದದ್ದು ನಿಜವಾಗಿರಲಿಲ್ಲ.

ಮೊದಲನೇ ವರ್ಷ ಅವಳು ಬೀಗ ಹಾಕಿದ್ದಳು. ಹಿಮ ಬೆರೆತ ಮಳೆ ಬೀಳುತ್ತಿತ್ತು. ಒಂಬತ್ತು ಗಂಟೆಗೆ ಕ್ಲೆಮ್ ಬೀವನ್ ಬಂದು ಗೇಟು ಅಲ್ಲಾಡಿಸಿದ. ಎಸ್ಟೇಟಿನ ಕಲ್ಲುಗೋಡೆಯನ್ನು ಗಾರೆಯಿಲ್ಲದೆ ಕೈಯಾರೆ ಕಟ್ಟಿದ ಮುದುಕ. ದಿನಾ ಸ್ಪೌಟಿನ ಹತ್ತಿರ ಕೂತು ಬ್ರೆಡ್ಡು ಚೀಸು ತಿನ್ನುವುದು ಅವನ ಅಭ್ಯಾಸ.

“ಏನಮ್ಮಾ ಇದು? ಗೋಡೆ ಕಟ್ಟಿದವನಿಗೇ ಬಾಗಿಲು ಹಾಕ್ತೀಯಾ?”

“ಇವತ್ತೊಂದು ದಿನ ಕ್ಲೆಮ್. ಧಣಿ ಹೇಳಿದ್ದಾರೆ.”

“ಯಾಕಂತೆ?”

ಬೆರಿಲ್ ಇದ್ದದ್ದನ್ನೇ ಹೇಳಿದಳು. “ದಾರಿ ನಿಮ್ದು ಅಂತ ನಿಮಗೆ ಅನ್ನಿಸಬಾರದಂತೆ. ಅದಕ್ಕೆ.”

ಕ್ಲೆಮ್ ಬಿದ್ದು ಬಿದ್ದು ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. “ನನಗೆ ಹಾಗೆ ಅನ್ನಿಸಿರಲೇ ಇಲ್ಲವಲ್ಲೇ! ಈಗ ನೀನು ಹೇಳಿದ ಮೇಲೆ ಅನ್ನಿಸ್ತಿದೆ ನೋಡು,” ಎಂದು ಅಲ್ಲೇ ಮಳೆಯಲ್ಲಿ ಚೀಲ ಕೆಳಗಿಟ್ಟು ನಿಂತ. ಹೋಗುವ ಲಕ್ಷಣ ಕಾಣಲಿಲ್ಲ.

ಹತ್ತು ಗಂಟೆಯವರೆಗೆ ಬೆರಿಲ್ ಕಿಟಕಿಯಿಂದ ನೋಡಿದಳು. ನಾಚಿಕೆಯಿಂದ ಮುಖ ಸುಟ್ಟುಹೋಗುತ್ತಿತ್ತು. ಹೋಗಿ ಬೀಗ ತೆಗೆದಳು. ಆ ಬೀಗವನ್ನು ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಜೊತೆ ಇಟ್ಟವಳು ಮುಂದಿನ ಇಪ್ಪತ್ಮೂರು ವರ್ಷ ಹೊರಗೆ ತೆಗೆಯಲಿಲ್ಲ. ಪುಸ್ತಕದಲ್ಲಿ ಮಾತ್ರ ತಪ್ಪದೆ ಬರೆದಳು. ಹಳೆಯ ಧಣಿ ಪುಸ್ತಕ ನೋಡುತ್ತಿದ್ದ, ತೃಪ್ತಿಯಿಂದ ತಲೆಯಾಡಿಸುತ್ತಿದ್ದ, ಫೆಬ್ರವರಿಯ ಚಳಿಗೆ ಗೇಟಿನವರೆಗೆ ಒಂದು ದಿನವೂ ಬರಲಿಲ್ಲ. ಕ್ಲೆಮ್ ಈಗ ಚರ್ಚಿನ ಹಿಂದೆ ಮಲಗಿದ್ದಾನೆ. ಬೀಗದ ಸಂಗತಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಯಾವ ವರ್ಷದ ಯಾವ ಮಂಗಳವಾರ ತಾನು ಎಲ್ಲಿಗೆ ನಡೆದುಹೋಗಿದ್ದೆ ಎಂದು ಯಾರಿಗೆ ನೆನಪಿರುತ್ತದೆ?

ಮಾರನೇ ದಿನ ಹಳ್ಳಿಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆರಿಲ್ ಧಣಿಯ ಕಡೆಯ ಸಾಕ್ಷಿಯೆಂದು ಎಲ್ಲರಿಗೂ ಗೊತ್ತಾಗಿತ್ತು. ಟೀ ಕೊಡುತ್ತಿದ್ದ ಅಂಗಡಿಯ ಮಾವಿಸ್, ಅವಳ ಕಪ್ಪಿನ ಪಕ್ಕ ಬಿಸ್ಕತ್ತು ಇಡಲಿಲ್ಲ.

“ಬಿಸ್ಕತ್ತು ಮುಗೀತಾ ಮಾವಿಸ್?”

“ಧಣಿಗಳ ದೊಡ್ಡ ಮನೇಲಿ ಕೇಕು ತಿನ್ನೋರಿಗೆ ನಮ್ಮ ಬಿಸ್ಕತ್ತು ಯಾಕಮ್ಮಾ.”

ಪಕ್ಕದಲ್ಲಿದ್ದ ಐವಿ ತಂಗಿಯ ಪರ ನಿಲ್ಲುತ್ತಾಳೆಂದುಕೊಂಡರೆ, “ಲೇ ಬೆರಿಲ್, ಇವತ್ತು ನೀನೇನಾದ್ರೂ ಅವನ ಪರ ಮಾತಾಡಿದ್ರೆ ನನ್ನ ಹೊಸ್ತಿಲು ತುಳಿಯಬೇಡ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ನಾಲ್ಕು ಕುರ್ಚಿ ಆಚೆ ಹೋಗಿ ಕೂತಳು. ಬೆರಿಲ್‌ಗೆ ಕಣ್ಣು ತುಂಬಿ ಬಂತು, ಜೊತೆಗೆ ರೇಗಿಯೂ ಹೋಯಿತು. ಇವರಿಗೋಸ್ಕರ ತಾನು ಮನೆ ಕಳೆದುಕೊಳ್ಳಬೇಕೇ, ಒಂದು ಬಿಸ್ಕತ್ತು ಕೊಡಲು ಆಗದ ಇವರಿಗೆ? ಒಂದು ಗಳಿಗೆ, ಹಾಳಾಗಿ ಹೋಗಲಿ, ಹೌದೆಂದು ಹೇಳಿಬಿಡೋಣ ಎನ್ನಿಸಿತು.

ಅಷ್ಟರಲ್ಲಿ ಹೆಸರು ಕೂಗಿದರು.

ತೀರ್ಪು ಹೇಳಬೇಕಾದವಳು ಸರ್ಕಾರ ಕಳಿಸಿದ ಅಧಿಕಾರಿ, ಕೆಸರು ಮೆತ್ತಿದ ಬೂಟಿನ ಗಂಭೀರ ಹೆಂಗಸು. ಧಣಿಯ ಲಾಯರು ಎದ್ದು ಪುಸ್ತಕವನ್ನು ಬೆರಿಲ್ ಮುಂದೆ ಬಿಚ್ಚಿಟ್ಟ.

“ಈ ಅಕ್ಷರ ನಿಮ್ಮದೇ, ಮಿಸೆಸ್ ಪ್ರೋಸರ್?”

“ನನ್ನದೇ.”

“ಪ್ರತಿ ವರ್ಷ ಬೀಗ ಹಾಕಲಾಯಿತು ಅಂತ ಬರೆದಿದೆ.”

“ಬರೆದಿದೆ.”

“ಅಂದರೆ ಪ್ರತಿ ವರ್ಷ ಬೀಗ ಹಾಕಿದ್ರಿ.”

ಮೈಲ್ಸ್ ಆಗಲೇ ತನ್ನ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದ. ಅದನ್ನು ಕಂಡದ್ದೇ ಬೆರಿಲ್‌ಗೆ ಮೈಯೆಲ್ಲ ಉರಿಯಿತು. ಉತ್ತರ ಕೇಳುವ ಮೊದಲೇ ಎದ್ದು ಹೊರಡಲು ತಯಾರಾಗಿದ್ದ ಅವನು.

“ಇಲ್ಲ,” ಎಂದಳು. “ಮೊದಲನೇ ವರ್ಷ ಒಂದು ಗಂಟೆ ಹಾಕಿದ್ದೆ. ಆಮೇಲೆ ಇಪ್ಪತ್ಮೂರು ವರ್ಷ ಒಂದು ದಿನಾನೂ ಹಾಕಿಲ್ಲ. ಗೇಟು ತೆರೆದೇ ಇತ್ತು. ಬಂದೋರು ಬಂದರು, ಹೋದೋರು ಹೋದರು.”

ಲಾಯರು ಕನ್ನಡಕ ತೆಗೆದ, ಹಾಕಿಕೊಂಡ.

“ಹಾಗಾದರೆ ಇಪ್ಪತ್ಮೂರು ವರ್ಷ ಸುಳ್ಳು ಬರೆದಿರಿ?”

“ಇಪ್ಪತ್ಮೂರು ವರ್ಷ. ಇಂಕಿನಲ್ಲಿ.”

“ಸುಳ್ಳು ಬರೆದೆ ಅಂತ ನೀವೇ ಒಪ್ಪಿಕೊಳ್ತಿದ್ದೀರಿ. ಇಷ್ಟು ಸುಳ್ಳು ಹೇಳಿದವರ ಮಾತನ್ನ ಇವತ್ತು ನಾವ್ಯಾಕೆ ನಂಬಬೇಕು ಮಿಸೆಸ್ ಪ್ರೋಸರ್?”

ಯಾರೋ ಹಿಂದಿನಿಂದ ಛೇ ಎಂದರು. ಬೆರಿಲ್ ಕೈಗಳನ್ನು ಮೇಜಿನ ಮೇಲೆ ಊರಿದಳು.

“ಕೇಳಿ ಸ್ವಾಮಿ. ಹೌದು ಅಂದಿದ್ರೆ ಸಾಯೋವರೆಗೂ ಆ ಮನೇಲಿ ಇರಬಹುದಿತ್ತು. ನಿನ್ನೆ ಬೆಳಿಗ್ಗೆ ನನ್ನ ಅಡುಗೆಮನೇಲಿ ಕೂತು ಧಣಿಯೋರೇ ಹೇಳಿದಾರೆ, ಅಲ್ಲೇ ಇದಾರೆ, ಕೇಳಿ. ಇಲ್ಲ ಅಂದಿದ್ದಕ್ಕೆ ಆ ಮನೆ ಹೋಯ್ತು. ಸುಳ್ಳು ಹೇಳಿ ಮನೆ ಕಳ್ಕೊಳ್ಳೋ ಹುಚ್ಚಿ ಥರ ಕಾಣ್ತೀನಾ ನಾನು?”

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. “ಮಿಸ್ಟರ್ ಹ್ಯಾಲಿವೆಲ್, ಇದು ನಿಜವೇ?”

ಮೈಲ್ಸ್ ಮುಖ ಕೆಂಪಾಗಿತ್ತು. ಹೌದೆಂದರೆ ಸಾಕ್ಷಿಗೆ ಆಮಿಷ ಒಡ್ಡಿದಂತೆ, ಇಲ್ಲವೆಂದರೆ ಸುಳ್ಳು, ಅವನು ಏನೆಂದರೂ ಸಿಕ್ಕಿಬೀಳುತ್ತಿದ್ದ. ತಲೆ ತಗ್ಗಿಸಿದ. ಅಧಿಕಾರಿ ಅದನ್ನೂ ಬರೆದುಕೊಂಡಳು.

ಮಾವಿಸ್ ಸದ್ದಿಲ್ಲದೆ ಬಂದು ಬಿಸ್ಕತ್ತಿನ ಇಡೀ ತಟ್ಟೆಯನ್ನೇ ಬೆರಿಲ್ ಪಕ್ಕ ಇಟ್ಟಳು. “ಈಗ ಬೇಡ,” ಎಂದಳು ಬೆರಿಲ್, ಮತ್ತು ಅದನ್ನು ಮುಟ್ಟಲಿಲ್ಲ. ಅಷ್ಟು ಸುಲಭವಾಗಿ ರಾಜಿಯಾಗುವವಳು ಅವಳಲ್ಲ.

ಜುಲೈ ಕೊನೆಗೆ ಎರಡು ಕಾಗದ ಬಂದವು. ಒಂದು ಸರ್ಕಾರದ್ದು: ದಾರಿ ಜನರದ್ದು, ಬೇಲಿ ತೆಗೆಯತಕ್ಕದ್ದು. ಇನ್ನೊಂದು ಎಸ್ಟೇಟಿನದ್ದು: ಆಗಸ್ಟ್ ಮುಗಿಯುವುದರೊಳಗೆ ಮನೆ ಖಾಲಿ ಮಾಡತಕ್ಕದ್ದು. ಎರಡನೆಯದನ್ನು ಓದಿ ಬೆರಿಲ್ ಹಿತ್ತಲಿಗೆ ಹೋಗಿ, ಡೆನಿಸ್ ನೆಟ್ಟ ಗಿಡಗಳ ನಡುವೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ ನೆಲ ಒರೆಸಿದಳು.

ಐವಿಯ ಮನೆಗೆ ಸಾಮಾನು ಸಾಗಿಸಲು ವ್ಯಾನ್ ಕಳಿಸುತ್ತೇನೆ, ಮುಖ್ಯರಸ್ತೆಯಲ್ಲಿ ಹೋಗಲಿ ಎಂದು ಮೈಲ್ಸ್ ಹೇಳಿಕಳಿಸಿದ. ನಾಲ್ಕು ಮೈಲಿ ಸುತ್ತು. ಬೇಕಿಲ್ಲ ಎಂದು ಬೆರಿಲ್ ಉತ್ತರ ಕಳಿಸಿದಳು. ಆಗಸ್ಟಿನ ‘ಬ್ಯಾಂಕ್ ರಜೆ’ ಅನ್ನುವ ಸಾರ್ವತ್ರಿಕ ರಜೆಯ ಸೋಮವಾರ, ವರ್ಷದಲ್ಲೇ ಹೆಚ್ಚು ಜನ ಸೇರುವ ದಿನ, ಹನ್ನೊಂದು ಗಂಟೆಗೆ ಸರಿಯಾಗಿ, ಕೈಗಾಡಿಯಲ್ಲಿ ಹಾಸಿಗೆ, ಪಾತ್ರೆ, ಇಸ್ತ್ರಿ ಮೇಜು ಪೇರಿಸಿಕೊಂಡು ಗೇಟಿನೊಳಗೆ, ಬೇಲಿ ತೆಗೆದ ಕಾಲುದಾರಿಗೆ ತಳ್ಳಿದಳು. ಹಿಂದೆ ಗೋಡೆ ಗಡಿಯಾರವನ್ನು ಎದೆಗವಚಿಕೊಂಡು ಐವಿ. ಅವಳ ಹಿಂದೆ ಒಬ್ಬೊಬ್ಬರು ಒಂದೊಂದು ಕುರ್ಚಿ ಹೊತ್ತ ಆಲ್ಡರ್‌ಕೋಟಿನವರು. ಎಲ್ಲರ ಕೊನೆಯಲ್ಲಿ ಏದುಸಿರು ಬಿಡುತ್ತ, ಹುಳಿಹಣ್ಣಿನ ಗಿಡದ ಕುಂಡ ಹಿಡಿದ ಮಾವಿಸ್.

“ಲೇ, ನಿಧಾನಕ್ಕೆ ಹೋಗೇ! ಈ ಮುದುಕಿ ಕಾಲಿಗೆ ಇನ್ನೂ ಎಷ್ಟು ದೂರ?” ಎಂದಳು ಐವಿ.

“ನಿನ್ನ ಜೊತೆ ಬಾಳೋದಿದೆಯಲ್ಲ, ಅದಕ್ಕಿಂತ ಕಮ್ಮಿ ದೂರ. ಬಾ.”

ಟಿಕೆಟ್ಟಿನ ಕಿಟಕಿಯಲ್ಲಿದ್ದ ಹುಡುಗಿ ಬಾಯಿ ತೆರೆದಳು, ಯಾರಿಗೋ ಫೋನ್ ಮಾಡಿದಳು, ಆ ಕಡೆಯಿಂದ ಏನು ಹೇಳಿದರೋ, ಸುಮ್ಮನೆ ಫೋನು ಇಟ್ಟಳು. ಸಾಲಿನಲ್ಲಿ ನಿಂತಿದ್ದ ನೂರಾರು ಜನ ತಿರುಗಿ ನೋಡಿದರು. ಅಲ್ಪಾಕಾಗಳೂ ನೋಡಿದವು.

ಸಾಲಿನ ಕೊನೆಯಲ್ಲಿ ಒಬ್ಬ ತಾಯಿ ನಿಂತಿದ್ದಳು, ಕಂಕುಳಲ್ಲೊಂದು, ಕೈಯಲ್ಲೊಂದು ಕೂಸು. ಬರ್ಮಿಂಗ್‌ಹ್ಯಾಮಿನಿಂದ ಬಸ್ಸಿನಲ್ಲಿ ಬಂದವಳು. ಟಿಕೆಟ್ಟಿನ ಬೋರ್ಡನ್ನು ಎರಡು ಸಲ ಓದಿ, ಪರ್ಸು ತೆಗೆದು, ಮತ್ತೆ ಮುಚ್ಚಿದ್ದಳು. ಅವಳು ಬೆರಿಲ್‌ನ ಕೈಗಾಡಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ಆಂಟೀ, ನೀವು ಹೋಗ್ತಿರೋ ಈ ದಾರೀಲೂ ಜಲಪಾತ ಸಿಗತ್ತಾ? ಇದಕ್ಕೆ ಟಿಕೆಟ್ ಎಷ್ಟು?”

ಬೆರಿಲ್ ಕೈಗಾಡಿ ನಿಲ್ಲಿಸಿದಳು. ಆ ಇಡೀ ಸಾಲಿಗೆ, ಮೇಲಿನ ದೊಡ್ಡ ಮನೆಯ ಕಿಟಕಿಗಳಿಗೂ ಕೇಳುವಷ್ಟು ಜೋರಾಗಿ, ತನ್ನ ಎಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಕೂಗಿ ಹೇಳಿದಳು:

“ಜಲಪಾತದ ಪಕ್ಕದಲ್ಲೇ ಹೋಗ್ತದೆ ಕಣಮ್ಮಾ! ಟಿಕೆಟ್ ಇಲ್ಲ! ಮಕ್ಕಳನ್ನ ಕರ್ಕೊಂಡು ನನ್ನ ಹಿಂದೆ ಬಾ!”

ಸಾಲು ಮುರಿಯಿತು.