ವೈನಿ ಅಂದರೆ ಯಾರು

ಹುಕ್ಕೇರಿ ಕೋರ್ಟಿಗೆ ಹೊರಟಾಗ ಗೌರವ್ವ ಮಗಳಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದಳು. ಹೆತ್ತವಳಿಗೆ ಅವಳ ಕೂಸನ್ನು ಒಪ್ಪಿಸಲು ಎಷ್ಟು ಹೊತ್ತು ಬೇಕು? ಬಿಸಿಲು ಇಳಿಯುವುದರೊಳಗೆ ಹತ್ತರಗಿ ಸೇರಬಹುದು ಎಂದು ಮೈದುನ ಮಾಯಪ್ಪನಿಗೆ ಗಾಡಿ ನಿಲ್ಲಿಸಿಕೊಂಡಿರಲು ಹೇಳಿದ್ದಳು.

ಗಂಡ ತೀರಿಕೊಂಡ ಮೇಲೆ ಅವಳು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿಯುತ್ತಿದ್ದಳು. ಆರು ವರ್ಷದ ಶಿವವ್ವ ಹತ್ತರಗಿಯಲ್ಲಿ ಅಜ್ಜಿ ಬಾಳವ್ವನ ಹತ್ತಿರ ಬೆಳೆಯುತ್ತಿದ್ದಳು. ಒಂದು ದಿನ ಸಂಕೇಶ್ವರದ ಸಂತೆಯಲ್ಲಿ ಅಜ್ಜಿ ಕುಸಿದುಬಿದ್ದು ಅಲ್ಲೇ ಪ್ರಾಣ ಬಿಟ್ಟಳು. ಹೆಣದ ಪಕ್ಕ ಅಳುತ್ತಿದ್ದ ಮಗುವನ್ನು ಪೊಲೀಸರು ಕೇಳಿದಾಗ "ಅವ್ವ ಸತ್ತಾಳ್ರಿ" ಎಂದಿತು. ಆ ಮನೆಯಲ್ಲಿ ಅವ್ವ ಎಂದರೆ ಬಾಳವ್ವ. ಗೌರವ್ವನನ್ನು ಮೈದುನರು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದರು, ಕೇಳಿ ಕೇಳಿ ಮಗುವಿನ ಬಾಯಿಗೂ ಅದೇ ಹತ್ತಿತ್ತು. ಇದು ನಮ್ಮ ಕಡೆ ಹತ್ತು ಮನೆಯಲ್ಲಿ ಐದು ಮನೆಯ ಮಾತು. ಪೊಲೀಸರು ಮಾತ್ರ 'ತಾಯಿ ಸತ್ತ ಅನಾಥೆ' ಎಂದು ಬರೆದು ಬೆಳಗಾವಿಯ ಒಂದು ಅನಾಥಾಲಯಕ್ಕೆ ಸಾಗಿಸಿದರು. ಊರವರು ಓಡಿಬರುವಷ್ಟರಲ್ಲಿ ಕಾಗದ ಹೊರಟುಹೋಗಿತ್ತು. ಸರಕಾರದ ಕಾಗದ ಒಮ್ಮೆ ಹೊರಟರೆ ಅದನ್ನು ತಿರುಗಿಸಲು ದೇವರೂ ಅರ್ಜಿ ಹಾಕಬೇಕು! ಗೌರವ್ವನೂ ಹಾಕಿದಳು; ಅದರ ವಿಚಾರಣೆಗೆಂದು ಅನಾಥಾಲಯದವರು ಶಿವವ್ವನನ್ನು ಹುಕ್ಕೇರಿಗೆ ಕರೆತಂದಿದ್ದರು.

ಕೋರ್ಟಿನಲ್ಲಿದ್ದ ಬಿಳಿಯ ಸಾಹೇಬನಿಗೆ ಕನ್ನಡ ಬಾರದು. ಅವನ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಲು ಇದೇ ಸೀಮೆಯ ಶಿರಸ್ತೇದಾರ ಅಲ್ಲಪ್ಪ ನಿಂತಿದ್ದ.

"ಈಕಿ ಯಾರವಾ?" ಅಲ್ಲಪ್ಪ ಕೇಳಿದ.

ಶಿವವ್ವನ ಮುಖ ಅರಳಿತು. "ನಮ್ಮ ವೈನಿರಿ."

"ನಿಮ್ಮ ಅವ್ವ ಎಲ್ಲದಾಳ?"

"ಸತ್ತಾಳ್ರಿ."

ಅಲ್ಲಪ್ಪ ಇಂಗ್ಲಿಷಿನಲ್ಲಿ ಹೇಳಿದ್ದು, ಇವಳು ಅಣ್ಣನ ಹೆಂಡತಿಯಂತೆ, ತಾಯಿ ಸತ್ತಿದ್ದಾಳಂತೆ. ಸಾಹೇಬ ಬರೆದುಕೊಂಡ.

"ಹಡದಾಕಿ ನಾನ ಅದೀನ್ರಿ!" ಗೌರವ್ವ ಕಟಕಟೆ ಹಿಡಿದು ಕೂಗಿದಳು. "ಸೂಲಗಿತ್ತೀನ ಕರಸ್ರಿ, ಊರ ಮಂದೀನ ಕೇಳ್ರಿ!"

ಊರ ಮಂದಿ ಸುಳ್ಳು ಹೇಳಬಹುದು, ಮಗು ಹೇಳುವುದಿಲ್ಲ ಎಂದ ಸಾಹೇಬ. ಎಂಥ ನ್ಯಾಯವಂತ! ಹದಿನೆಂಟು ತುಂಬುವ ತನಕ ಹುಡುಗಿ ಅನಾಥಾಲಯದಲ್ಲೇ ಇರಬೇಕೆಂದು ಸಹಿ ಹಾಕಿದ.

ಗೌರವ್ವನ ಮೈಯೆಲ್ಲ ಉರಿದುಹೋಯಿತು. ಅವಳು ಸಾಹೇಬನ ಕಡೆ ನೋಡಲಿಲ್ಲ, ಅಲ್ಲಪ್ಪನ ಕಡೆ ತಿರುಗಿದಳು.

"ನೀವು ನಿಮ್ಮನ್ನ ಹಡದಾಕೀಗೆ ಏನಂತ ಕರೀತೀರಿ? ಖರೆ ಹೇಳ್ರಿ."

ಅಲ್ಲಪ್ಪ ಹಣೆಯ ಬೆವರು ಒರೆಸಿಕೊಂಡ. "ವೈನಿ," ಎಂದ, ಅವಳಿಗಷ್ಟೇ ಕೇಳುವಂತೆ.

"ಹಂಗಾದ್ರ ಅದನ್ನ ಸಾಹೇಬ್ರಿಗೆ ಹೇಳ್ರಿ!"

ಹೆಂಗಸು ಏನೆನ್ನುತ್ತಿದ್ದಾಳೆ ಎಂದು ಸಾಹೇಬ ತಲೆಯೆತ್ತಿದ. ಸಹಿ ಬಿದ್ದ ಕಾಗದ ಅವನ ಕೈಯಲ್ಲಿತ್ತು. ಅಲ್ಲಪ್ಪನಿಗೆ ನಾಲಿಗೆ ಇತ್ತು, ಇಂಗ್ಲಿಷೂ ಬರುತ್ತಿತ್ತು. ಆದರೂ ಆ ಹೇಡಿ "ಏನಿಲ್ಲ ಸಾಹೇಬ್ರ" ಎಂದುಬಿಟ್ಟ. ಜವಾನ ಮುಂದಿನ ಖಟ್ಲೆಯವರನ್ನು ಕೂಗಿದ.

ಹೊರಗೆ ಶಿವವ್ವನನ್ನು ಟಾಂಗಾಕ್ಕೆ ಹತ್ತಿಸಿದ್ದರು. "ವೈನೀ! ವೈನೀ!" ಎಂದು ಮಗು ಎರಡೂ ಕೈ ಚಾಚಿ ಅಳುತ್ತಿತ್ತು. ಆ ಮಾತು ಕಿವಿಗೆ ಬಿದ್ದಿದ್ದೇ ಗೌರವ್ವ ಹೋಳಿಗೆಯ ಗಂಟು ಚೆಲ್ಲಿ ಟಾಂಗಾದ ಹಿಂದೆ ಓಡಿದಳು.

"ಅವ್ವ ಅನ್ನು, ನನ್ನ ಮಗಳ! ಎಲ್ಲಾರಿಗೂ ಕೇಳಂಗ ಒಮ್ಮೆ ಅವ್ವ ಅನ್ನು!"

ಮಗುವಿನ ಅಳು ಗಕ್ಕನೆ ನಿಂತಿತು.

"ಅವ್ವ ಬಂದಾಳೇನ?" ಎಂದು ಕೇಳಿ, ಬಾಳವ್ವನನ್ನು ಹುಡುಕುತ್ತ ಅದು ಗೌರವ್ವನ ಬೆನ್ನ ಹಿಂದೆ ನೋಡಿತು.