ಅವಳ ಪಾಲಿನ ಬೆಳಗು

"ದಿಂಬಾ? ನೀರಾ? ಪರದೆ ಸರಿಸಬೇಕಾ?"

ಸೋಫಾ ಮೇಸ್ತ್ರಿ ಒಂದೊಂದಾಗಿ ಕೇಳುತ್ತ ಹೋದ. ಹೆಂಡತಿ ಎಲ್ಲದಕ್ಕೂ ಅಲ್ಲವೆಂದು ತಲೆಯಾಡಿಸಿದಳು. ಆಸ್ಪತ್ರೆಯ ಮಂಚದ ಕಬ್ಬಿಣದ ಪಟ್ಟಿಯನ್ನು ಉಗುರಿನಿಂದ ಕುಟ್ಟಿ, ಕಿಟಕಿಯತ್ತ ಕೈ ತೋರಿಸಿ, ಮತ್ತೆ ತನ್ನ ಬಾಯಿಯನ್ನು ಮುಟ್ಟಿಕೊಂಡಳು. ಮೇಸ್ತ್ರಿ ಕಿಟಕಿ ತೆರೆದ. ಅವಳು ಹಣೆ ಚಚ್ಚಿಕೊಂಡಳು. ಮೇಸ್ತ್ರಿ ಕಿಟಕಿ ಮುಚ್ಚಿದ.

ಗಂಟಲಿನೊಳಗೆ ಬೆಳೆದಿದ್ದ ಗಂಟನ್ನು ಹಿಂದಿನ ದಿನ ಡಾಕ್ಟರು ತೆಗೆದಿದ್ದರು. ಭಯಪಡುವಂಥದ್ದೇನಿಲ್ಲ, ಆದರೆ ಒಂದು ತಿಂಗಳು ಪಿಸುಮಾತೂ ಕೂಡದು, ಆಮೇಲೆ ದನಿ ಬಂದರೂ ಮೊದಲಿನ ಹಾಗಿರುತ್ತದೆಂದು ಹೇಳಲಾರೆ ಎಂದಿದ್ದರು. ಮೇಸ್ತ್ರಿಗೆ ಇದೇನು ಮಹಾ ಎನಿಸಿತ್ತು. ಮನೆಯ ಮುಂಭಾಗದ ಅಂಗಡಿಯಲ್ಲಿ ಅವನು ಸೋಫಾದ ಚೌಕಟ್ಟು ಹೊಡೆದು ಸ್ಪ್ರಿಂಗು ಕೂರಿಸಿದರೆ, ಬಟ್ಟೆ ಕತ್ತರಿಸಿ ಹೊದಿಕೆ ಹೊಲಿಯುವವಳು ಅವಳು. ದಿನವಿಡೀ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಆ ಗೊಣಗಾಟಕ್ಕೆ ಅರ್ಥ ಹಚ್ಚುವುದರಲ್ಲಿ ಅವನಷ್ಟು ಪಳಗಿದವರು ಇನ್ನೊಬ್ಬರಿರಲಿಲ್ಲ. ಆದರೆ ಗೊಣಗುವುದಕ್ಕಾದರೂ ದನಿ ಬೇಕಲ್ಲ. ಬರೆದು ತೋರಿಸಲು ಅವಳಿಗೆ ಅಕ್ಷರ ಬಾರದು.

ಅವಳು ಕಣ್ಣು ಮುಚ್ಚಿ, ಎರಡೂ ಅಂಗೈಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಳು. ಆಗ ಅವನಿಗೆ ಹೊಳೆಯಿತು.

"ಓ, ನಿನ್ನ ಪ್ರಾರ್ಥನೆ!"

ಅವಳದು ಒಂದು ಮತ, ಅವನದು ಇನ್ನೊಂದು. ಮದುವೆಯಾದ ಹೊಸದರಲ್ಲೇ ಇಬ್ಬರೂ ಕೂತು ಮಾತಾಡಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಬೆಳಗು ಅವಳ ಪಾಲಿಗೆ, ಸಂಜೆ ಅವನ ಪಾಲಿಗೆ. ಅವಳು ಬೆಳಿಗ್ಗೆ ಕಿಟಕಿಯ ಬಳಿ ಕೂತು ಗಟ್ಟಿಯಾಗಿ ಪ್ರಾರ್ಥನೆ ಹೇಳುವಾಗ ಇವನು ಸುತ್ತಿಗೆ ಎತ್ತುತ್ತಿರಲಿಲ್ಲ. ಸಂಜೆ ಇವನು ಕೈಕಾಲು ತೊಳೆದು ತನ್ನವರ ಪ್ರಾರ್ಥನೆಯ ಮನೆಗೆ ಹೊರಟರೆ ಅವಳು ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ನೋಡಿ ಕಳಿಸುತ್ತಿದ್ದಳು. ಒಬ್ಬರು ಇನ್ನೊಬ್ಬರನ್ನು ಒಳಕ್ಕೆ ಎಳೆದದ್ದಿಲ್ಲ.

"ಮನಸ್ಸಲ್ಲೇ ಹೇಳ್ಕೊಳ್ಳೇ. ದೇವರಿಗೇನು ಕಿವುಡಾ?" ಎಂದ ಮೇಸ್ತ್ರಿ. ಅವಳು ನೋಡಿದ ನೋಟಕ್ಕೆ ಅವನೇ ತಲೆ ತಗ್ಗಿಸಿದ. ಅವಳ ಮತದಲ್ಲಿ ಆ ಪ್ರಾರ್ಥನೆ ಬಾಯಿಬಿಟ್ಟು ಹೇಳುವಂಥದ್ದು, ಗಾಳಿಗೆ ಬೀಳಬೇಕು. ಅದು ಅವನಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಸಮಾಧಾನದಮ್ಮ ಒಳಗೆ ಬಂದರು. ರೋಗಿಗಳ ಬಳಿ ಕೂತು, ಮಾತು ಬೇಕೆಂದವರಿಗೆ ಮಾತು, ಪ್ರಾರ್ಥನೆ ಬೇಕೆಂದವರಿಗೆ ಪ್ರಾರ್ಥನೆ, ಏನೂ ಬೇಡವೆಂದವರಿಗೆ ಸುಮ್ಮನೆ ಜೊತೆ ಕೊಡುವುದಕ್ಕೆಂದೇ ಆಸ್ಪತ್ರೆಯವರು ಇಟ್ಟುಕೊಂಡಿದ್ದ ಹೆಂಗಸು. ಅವರ ಮತ ಈ ಇಬ್ಬರದ್ದೂ ಅಲ್ಲದ ಮೂರನೆಯದು. ನರ್ಸುಗಳು ಇಟ್ಟ ಹೆಸರಿಗೆ ತಕ್ಕಂತೆ ಮೆಲ್ಲಗೆ ನಡೆಯುತ್ತಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು, ಸೀನಿದರೆ ಮಾತ್ರ ವಾರ್ಡೆಲ್ಲ ಎದ್ದು ಕೂರುತ್ತಿತ್ತು. ವಿಷಯ ತಿಳಿದದ್ದೇ ಕೈಚೀಲದಿಂದ ಅವಳ ಮತದ ಪ್ರಾರ್ಥನೆಯ ಪುಸ್ತಕ ತೆಗೆದು, ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡರು.

"ನಾನು ಓದ್ಲಾ ತಾಯಿ?"

ಅವಳು ಅವರ ಕೈಯನ್ನು ಹಿಡಿದು ಪ್ರೀತಿಯಿಂದ ಒತ್ತಿದಳು. ಆಮೇಲೆ ಬೇಡವೆಂದು ತಲೆಯಾಡಿಸಿ, ಗಂಡನತ್ತ ಬೆರಳು ತೋರಿಸಿದಳು.

"ನಾನಾ?" ಮೇಸ್ತ್ರಿ ಹಿಂದಕ್ಕೆ ತಿರುಗಿ ನೋಡಿದ, ಅಲ್ಲಿ ಬೇರೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ.

"ಇವರಲ್ಲಿ ಹುಷಾರಿಲ್ಲದವರ ಪರವಾಗಿ ಒಂದೇ ಸೂರಿನ ಕೆಳಗಿರೋರು ಹೇಳಬಹುದು," ಎಂದರು ಸಮಾಧಾನದಮ್ಮ. "ಅವರೂ ಅದೇ ಮತದವರಾಗಿರಬೇಕು ಅಂತ ಎಲ್ಲೂ ಕೇಳಿಲ್ಲ."

ಆ ಸೂರಿನ ಕೆಳಗೆ ಇದ್ದದ್ದು ಇಬ್ಬರೇ. ಮೇಸ್ತ್ರಿ "ಕ್ಯಾಂಟೀನಿಗೆ ಹೋಗ್ಬರ್ತೀನಿ" ಎಂದು ಹೊರಗೆ ನಡೆದುಬಿಟ್ಟ.

ಕ್ಯಾಂಟೀನಿಗೇನೂ ಹೋಗಲಿಲ್ಲ. ಮೆಟ್ಟಿಲ ಬಳಿಯ ಬೆಂಚಿನ ಮೇಲೆ ಕೂತಿದ್ದ. ರೆಕ್ಸಿನ್ ಹರಿದು ಫೋಮು ಇಣುಕುತ್ತಿದ್ದ ಬೆಂಚು. ಬೆರಳು ತಾನಾಗಿ ಆ ಫೋಮನ್ನು ಒಳಕ್ಕೆ ತುರುಕುತ್ತಿತ್ತು. ಸ್ವಲ್ಪ ಹೊತ್ತಿಗೆ ಸಮಾಧಾನದಮ್ಮ ಬಂದು ಪಕ್ಕದಲ್ಲಿ ಕೂತರು.

"ಬಾಯಿಗೆ ಬರಲ್ವಾ? ಪುಸ್ತಕ ಕೊಡ್ತೀನಿ."

"ಬಾಯಿಗೆ ಬರದೆ ಏನಮ್ಮ? ಇಷ್ಟು ವರ್ಷ ಕೇಳಿದೀನಿ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಆದ್ರೆ ಹೇಳಲ್ಲ ಅಂತ ನಮ್ಮಮ್ಮನಿಗೆ ಮಾತು ಕೊಟ್ಟಿದೀನಿ."

ಯಾರಿಗೂ ಹೇಳದಿದ್ದುದನ್ನು ಆ ಬೆಂಚಿನ ಮೇಲೆ ಹೇಳಿದ. ಈ ಮದುವೆಗೆ ಮನೆಯವರೆಲ್ಲ ಮುಖ ತಿರುಗಿಸಿದಾಗ ಬಂದು ನಿಂತವಳು ತಾಯಿಯೊಬ್ಬಳೇ. ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದ್ದಳು: 'ಅವಳ ಪಾಡಿಗೆ ಅವಳಿರಲಿ, ನಾನು ಅಡ್ಡ ಬರಲ್ಲ. ಆದ್ರೆ ಅವಳ ದೇವರ ಮಾತು ನಿನ್ನ ಬಾಯಲ್ಲಿ ಬರಬಾರದು.' ಅವನು ಆಗಲಿ ಎಂದಿದ್ದ. ತಾಯಿ ಕೊನೆಯವರೆಗೂ ಅವರ ಜೊತೆಯಲ್ಲೇ ಇದ್ದಳು. ಸೊಸೆಯನ್ನು ಬೈದದ್ದಿಲ್ಲ, ಹೊಗಳಿದ್ದೂ ಇಲ್ಲ.

"ನೀವು ಎಲ್ಲರ ಪ್ರಾರ್ಥನೆನೂ ಹೇಳ್ತೀರಲ್ಲ," ಎಂದ ಮೇಸ್ತ್ರಿ. "ನಿಮ್ಮ ದೇವರಿಗೆ ಸಿಟ್ಟು ಬರಲ್ವಾ?"

"ಶುರುವಿನಲ್ಲಿ ನನಗೂ ಹೆದರಿಕೆ ಇತ್ತು. ಆಮೇಲೆ ಒಂದು ರೂಢಿ ಮಾಡ್ಕೊಂಡೆ. ನನ್ನದು ಅಂತ ಹೇಳಲ್ಲ, ಅವರದು ಅಂತ ಹೇಳ್ತೀನಿ. ಸುಸ್ತಾದವರ ಚೀಲ ಸ್ವಲ್ಪ ದೂರ ಹಿಡ್ಕೊಂಡು ನಡೆದ ಹಾಗೆ. ಚೀಲ ಅವರದೇ."

"ನಿಮಗೆ ಸರಿ. ನನಗೆ ಆ ಚೀಲದಲ್ಲಿರೋದು ಒಂದೊಂದೂ ಗೊತ್ತಿದ್ಯಲ್ಲಮ್ಮ. ಅದೇ ಕಷ್ಟ."

ಸಮಾಧಾನದಮ್ಮ ನಗಲಿಲ್ಲ. "ಹಾಗಿದ್ರೆ ಆಗಲ್ಲ ಅಂತ ಅವರಿಗೇ ಹೇಳಿ. ಕಾರಣನೂ ಹೇಳಿ. ಅವರನ್ನ ಸಮಾಧಾನ ಮಾಡೋಕೆ ಅಂತ ಸುಮ್ನೆ ಬಾಯಾಡಿಸಬೇಡಿ. ಅದು ಅವರ ದೇವರಿಗೂ ಮರ್ಯಾದೆ ಅಲ್ಲ, ನಿಮ್ಮ ದೇವರಿಗೂ ಅಲ್ಲ."

ಮೇಸ್ತ್ರಿ ಇದನ್ನು ನಿರೀಕ್ಷಿಸಿರಲಿಲ್ಲ. ಹೋಗಿ ಹೇಳಪ್ಪಾ, ಎಲ್ಲ ದೇವರೂ ಒಂದೇ ಎಂದು ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದ. ಹಾಗೆ ಅಂದಿದ್ದರೆ ಅವರ ಮೇಲೆ ರೇಗಿ, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗಬಹುದಿತ್ತು.

ಆ ಸಂಜೆ ಅವನು ತನ್ನವರ ಪ್ರಾರ್ಥನೆಗೆ ಹೋದ. ಎಲ್ಲರ ಜೊತೆ ದನಿ ಸೇರಿಸಿದ. ಹೆಂಡತಿಗಾಗಿ ಬೇಡಿಕೊಳ್ಳುವ ಹೊತ್ತು ಬಂದಾಗ ಮಾತ್ರ, ಬಾಯಿ ಕಟ್ಟಿದವಳನ್ನು ಅಲ್ಲಿ ಬಿಟ್ಟು ತಾನಿಲ್ಲಿ ಸರಾಗವಾಗಿ ಹೇಳುತ್ತಿದ್ದೇನಲ್ಲ ಎನಿಸಿ ನಾಲಿಗೆ ಹಿಡಿಯಿತು.

ಮರುದಿನ ಬೆಳಿಗ್ಗೆ ಹೋದಾಗ ಅವಳು ಆಗಲೇ ಎದ್ದು ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು, ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, ತಾಯಿಗೆ ಕೊಟ್ಟ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದ.

"ನಿನ್ನಿಂದ ಮುಚ್ಚಿಡಬೇಕು ಅಂತಲ್ಲ. ಹೇಳಿದ್ರೆ ನೀನು ಅಮ್ಮನ ಮೇಲೆ ಬೇಜಾರು ಮಾಡ್ಕೋತೀಯಾ ಅಂತ ಸುಮ್ಮನಿದ್ದೆ."

ಅವಳು ಬೇಜಾರು ಮಾಡಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಅವನ ತೋಳನ್ನು ತಟ್ಟಿದಳು. ಆಯ್ತು ಬಿಡಿ ಎನ್ನುವ ತಟ್ಟು. ಕಿಟಕಿಯತ್ತ ತಿರುಗಿ ಕಣ್ಣು ಮುಚ್ಚಿದಳು. ತುಟಿ ಬಿರಿಯಿತು. ಗಂಟಲಿನಿಂದ ಉಸಿರಿನಂಥದೇನೋ ಕೊಸರಿ ಹೊರಬಿತ್ತು, ಕೂಡಲೇ ನೋವಿಗೆ ಭುಜ ಎರಡೂ ಮೇಲಕ್ಕೆ ಹೋದವು.

"ಏ, ಬೇಡ್ವೇ! ಬಾಯಿ ಮುಚ್ಚು. ಮುಚ್ಚು ಅಂದೆ!"

ಅವಳು ಮತ್ತೆ ತುಟಿ ತೆರೆಯುವುದರೊಳಗೆ ಮೇಸ್ತ್ರಿ ಶುರುಮಾಡಿಬಿಟ್ಟಿದ್ದ.

"ಬೆಳಕು ಕೊಟ್ಟವನೇ, ನಿನ್ನ ಮಗಳು ನಾನು, ಎದ್ದು ಬಂದಿದ್ದೇನೆ..."

ಹೇಳಿದ ಮೇಲೆ ಕೇಳಿಸಿತು. ನಿನ್ನ ಮಗಳು ನಾನು! ಅಷ್ಟು ದಪ್ಪ ಮೀಸೆಯ ಕೆಳಗಿನಿಂದ, ಮರದ ತೊಲೆ ಉರುಳಿದಂಥ ದನಿಯಲ್ಲಿ. ಎದುರಿನ ಮಂಚದ ಅಜ್ಜಿ ಹೊದಿಕೆ ಸರಿಸಿ ನೋಡಿದಳು. ಮೇಸ್ತ್ರಿಯ ಕಿವಿ ಬಿಸಿಯಾಯಿತು. ಮಗ ಎಂದು ತಿದ್ದಿಕೊಳ್ಳಬಹುದಿತ್ತು. ಆದರೆ ಹಾಗೆ ತಿದ್ದಿದರೆ ಅದು ತನ್ನ ಪ್ರಾರ್ಥನೆಯಾಗಿಬಿಡುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಮಗಳು ಎಂದೇ ಇದ್ದರೆ ಅವಳದಾಗಿಯೇ ಉಳಿಯುತ್ತದೆ.

"ನಿನ್ನ ಮಗಳು ನಾನು," ಎಂದು ಇನ್ನೊಮ್ಮೆ, ಈ ಸಲ ಗಟ್ಟಿಯಾಗಿ ಹೇಳಿದ. "ಇವತ್ತಿನ ಕೆಲಸ ನನ್ನ ಕೈಗೆ ಕೊಡು. ನನ್ನ ಮಾತಿನಿಂದ ಯಾರಿಗೂ ನೋವಾಗದಿರಲಿ. ನನ್ನ ಮನೆಯ ಬಾಗಿಲು..."

"ಹೊಸ್ತಿಲು" ಎನ್ನಬೇಕಿತ್ತು. ಅವಳು ಮಂಚದ ಪಟ್ಟಿ ಕುಟ್ಟಿದಳು. ಅವನು ತಿದ್ದಿಕೊಂಡು ಮುಂದುವರಿದ.

ಕೊನೆಗೆ ಬಂದಾಗ ನಿಂತುಬಿಟ್ಟ. ಇಲ್ಲಿಂದ ಮುಂದೆ ಅವಳು ದಿನವೂ ದನಿ ತಗ್ಗಿಸಿ ಕೆಲವರ ಹೆಸರು ಹೇಳಿಕೊಳ್ಳುತ್ತಿದ್ದಳು, ಕಾಪಾಡಬೇಕಾದವರ ಹೆಸರು. ಅದೊಂದು ಅವನಿಗೆ ಎಂದೂ ಕೇಳಿಸಿರಲಿಲ್ಲ.

"ಇಲ್ಲಿ ಯಾರ್ಯಾರನ್ನ ಹೇಳ್ತಿದ್ದೆ?"

ಅವಳು ಮೊದಲು ಅವನ ಎದೆಗೆ ಬೆರಳಿಟ್ಟಳು. ಆಮೇಲೆ ಇಲ್ಲದ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಗದ್ದ ತಗ್ಗಿಸಿ, ಅದರ ಮೇಲಿನಿಂದ ಅವನನ್ನು ದುರುಗುಟ್ಟಿ ನೋಡಿದಳು.

ಹಾಗೆ ನೋಡುತ್ತಿದ್ದವಳು ಲೋಕದಲ್ಲಿ ಒಬ್ಬಳೇ.

"ಅಮ್ಮನ್ನಾ?" ಎಂದ ಮೇಸ್ತ್ರಿ. "ಯಾವಾಗಿಂದ?"

ಅವಳು ಕೈಯನ್ನು ಭುಜದ ಹಿಂದಕ್ಕೆ ಬೀಸಿದಳು. ಮೊದಲಿನಿಂದ.

ಅವನು ಮೂಗೊರೆಸಿಕೊಂಡು, ನೇರವಾಗಿ ಕೂತು, ತಾಯಿಯ ಹೆಸರನ್ನು ಪೂರ್ತಿಯಾಗಿ ಹೇಳಿದ. ಎದುರಿನ ಅಜ್ಜಿ ತನ್ನ ರೇಡಿಯೋದ ಸದ್ದನ್ನು ತಗ್ಗಿಸಿದಳು.

ಮನೆಗೆ ಬಂದ ಮೇಲೂ ಆ ತಿಂಗಳೆಲ್ಲ ಬೆಳಿಗ್ಗೆ ಅವಳ ಪರವಾಗಿ ಅವನೇ ಹೇಳಿದ. ಸಂಜೆ ತನ್ನದಕ್ಕೆ ಹೋಗುವುದನ್ನು ಬಿಡಲಿಲ್ಲ. ಒಂದು ದಿನ ಅಲ್ಲಿನ ಹಿರಿಯರ ಬಳಿ ನಿಂತು, ಹೀಗೆ ಮಾಡುತ್ತಿದ್ದೇನೆ ಎಂದು ತಿಳಿಸಿದ. ಅವರು ಗಡ್ಡ ನೀವಿಕೊಂಡು, "ನಿನ್ನ ಹೆಂಡತಿ ಈಗ ಗಂಜಿ ಗಿಂಜಿ ನುಂಗ್ತಾಳಾ?" ಎಂದು ಮಾತ್ರ ಕೇಳಿದರು.

ಅವಳ ದನಿ ಮರಳಿತು, ಆದರೆ ಮರಕ್ಕೆ ಉಪ್ಪುಕಾಗದ ಉಜ್ಜಿದಂಥ ದನಿ. ಮೊದಲ ಬಾರಿ ಅದನ್ನು ಕೇಳಿ ಅವಳೇ ಬೆಚ್ಚಿದಳು. "ನನಗಿಂತ ನಿಮ್ಮದೇ ಹೆಣ್ಣು ದನಿ ಕಣ್ರೀ," ಎಂದಳು. ಎರಡು ಸಾಲು ಹೇಳುವಷ್ಟರಲ್ಲಿ ಏದುಸಿರು ಹತ್ತುತ್ತಿತ್ತು. ಅವಳು ನಿಂತಲ್ಲಿಂದ ಅವನು ಎತ್ತಿಕೊಳ್ಳುತ್ತಿದ್ದ, ಸುಧಾರಿಸಿಕೊಂಡ ಮೇಲೆ ಅವಳು ಮತ್ತೆ ತೆಗೆದುಕೊಳ್ಳುತ್ತಿದ್ದಳು.

ಹಾಗೊಂದು ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಗಿರಾಕಿಯೊಬ್ಬ ಮುರುಕು ಕುರ್ಚಿ ಹೊತ್ತು ಬಂದ. ಒಳಗೆ ಕಿಟಕಿಯ ಬಳಿ ಒಂದು ಒರಟು ದನಿ, ಒಂದು ದಪ್ಪ ದನಿ. ಕರೆಯಲು ಬಾಯಿ ತೆರೆದವನು ಸುಮ್ಮನಾದ. ಕುರ್ಚಿಯನ್ನು ಸದ್ದಾಗದಂತೆ ನೆಲಕ್ಕಿಳಿಸಿ, ಒಂದು ಕಾಲು ಮುರಿದಿದ್ದ ಕಡೆಗೆ ಭಾರ ಬೀಳದಂತೆ, ಅದರ ಅಂಚಿನಲ್ಲಿ ಮೆಲ್ಲಗೆ ಕೂತುಕೊಂಡ.